ಎಂಜಿನ್ ಒಪ್ಪಿದರೆ ಸಾಲದು

(ಹಾಸನದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಸುತ್ತಲಿನ ರೈತರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಕೇಳಿಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರ್ಯಾಯ ಇಂಧನದ ಬಗ್ಗೆ ಎಲ್ಲಿ ಮಾತನಾಡಿದರೂ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ನೀರಿನಲ್ಲಿ ಓಡುವ ಎಂಜಿನ್ ಕಂಡುಹಿಡಿದವನೊಬ್ಬನಿದ್ದನಂತೆ, ತೈಲ ಕಂಪನಿಗಳು ಅವನ ಬಾಯಿ ಮುಚ್ಚಿಸಿದವಂತೆ, ನಿಜವೇ? ಇದನ್ನು ಮೊದಲೇ ಮುಗಿಸಿಬಿಡುತ್ತೇನೆ. ನೀರು ಇಂಧನವಲ್ಲ. ಜಲಜನಕ ಉರಿದು ಮುಗಿದ ಮೇಲೆ ಉಳಿಯುವುದೇ ನೀರು. ಅದರಿಂದ ಗಾಡಿ ಓಡಿಸುತ್ತೇನೆ ಎನ್ನುವುದು ಒಲೆಯ ಬೂದಿಯಿಂದ ಮತ್ತೆ ಅಡುಗೆ ಮಾಡುತ್ತೇನೆ ಎಂದಂತೆ. 1996ರಲ್ಲಿ ತಮಿಳುನಾಡಿನಲ್ಲಿ ಒಬ್ಬರು ಗಿಡಮೂಲಿಕೆ ಕುದಿಸಿ ಪೆಟ್ರೋಲ್ ತೆಗೆಯುತ್ತೇನೆಂದು ದೇಶದ ಕಣ್ಣನ್ನೆಲ್ಲ ತಮ್ಮ ಕಡೆಗೆ ಸೆಳೆದುಕೊಂಡಿದ್ದರು. ಮದ್ರಾಸಿನ ಐಐಟಿಯಲ್ಲಿ ವಿಜ್ಞಾನಿಗಳ ಮುಂದೆ ಮಾಡಿ ತೋರಿಸುವ ಹೊತ್ತು ಬಂದಾಗ ಆ ಪೆಟ್ರೋಲ್ ಇಳಿಯಲಿಲ್ಲ.

ಗುಟ್ಟಿನ ಎಂಜಿನ್ನಿನ ಕತೆ ಜನರಿಗೆ ಏಕೆ ಇಷ್ಟವೆಂದರೆ, ಅದರಲ್ಲಿ ಇಡೀ ಸಮಸ್ಯೆ ಎಂಜಿನ್ನಿನಲ್ಲಿ ಇದೆ. ಒಬ್ಬ ಜಾಣ ಬಂದು ಅದನ್ನು ಬಿಡಿಸಿದರೆ ಮುಗಿಯಿತು. ನನ್ನ ಅನುಭವ ಇದಕ್ಕೆ ತದ್ವಿರುದ್ಧ. ನಾನು ಎಂಜಿನ್ನುಗಳ ಬಗ್ಗೆ ಪಾಠ ಹೇಳಿ ಹೊಟ್ಟೆ ಹೊರೆದವನು. ಹೇಳುತ್ತೇನೆ ಕೇಳಿ, ಅದರಷ್ಟು ಹೊಂದಿಕೊಳ್ಳುವ ಯಂತ್ರ ಇನ್ನೊಂದಿಲ್ಲ. ಎಣ್ಣೆ ಕೊಟ್ಟರೂ ಓಡುತ್ತದೆ, ಸಾರಾಯಿ ಕೊಟ್ಟರೂ ಓಡುತ್ತದೆ, ಹೊಗೆ ಕೊಟ್ಟರೂ ಕೆಮ್ಮುತ್ತಾ ಓಡುತ್ತದೆ. ತಕರಾರು ತೆಗೆಯುವುದು ಟ್ಯಾಂಕಿನ ಹೊರಗಿನ ಲೋಕ. ಹೊಲ, ಗಾಣ, ಕಾರ್ಖಾನೆ, ಬಂಕ್, ಬೆಲೆಪಟ್ಟಿ, ಮಳೆ, ಪಕ್ಕದ ಊರಿನ ಸಾಬೂನು ವ್ಯಾಪಾರಿ. ಇವತ್ತಿನ ಮಾತೆಲ್ಲ ಆ ಹೊರಗಿನ ಲೋಕದ್ದೇ.

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಟ್ಟೊ ಕಂಪನಿಯವರು ಒಂದು ಸಣ್ಣ ಡೀಸೆಲ್ ಎಂಜಿನ್ ಓಡಿಸಿ ತೋರಿಸಿದರು. ಅದರೊಳಗಿದ್ದದ್ದು ಕಡಲೆಕಾಯಿ ಎಣ್ಣೆ. ಹಾಗೆ ಓಡಿಸಿ ನೋಡಿ ಎಂದು ಕೇಳಿದ್ದು ಫ್ರಾನ್ಸಿನ ಸರ್ಕಾರ. ಆಫ್ರಿಕಾದ ಅದರ ವಸಾಹತುಗಳಲ್ಲಿ ಕಡಲೆಕಾಯಿ ರಾಶಿ ಬೀಳುತ್ತಿತ್ತು, ಅಲ್ಲಿನ ಯಂತ್ರಗಳಿಗೆ ಅಲ್ಲಿಯದೇ ಎಣ್ಣೆ ಸಿಕ್ಕರೆ ಒಳ್ಳೆಯದೆಂಬ ಲೆಕ್ಕ. ಖನಿಜ ತೈಲಕ್ಕೆಂದು ಕಟ್ಟಿದ ಎಂಜಿನ್ ಯಾವ ಮಾರ್ಪಾಡೂ ಇಲ್ಲದೆ ಎಷ್ಟು ಸಲೀಸಾಗಿ ಓಡಿತೆಂದರೆ ನೋಡಲು ಬಂದವರಲ್ಲಿ ಹೆಚ್ಚಿನವರಿಗೆ ವ್ಯತ್ಯಾಸ ತಿಳಿಯಲೇ ಇಲ್ಲ ಎಂದು ಆ ಬಗೆಯ ಎಂಜಿನ್ ಕಂಡುಹಿಡಿದ ರುಡಾಲ್ಫ್ ಡೀಸೆಲ್ 1912ರಲ್ಲಿ ನೆನಪಿಸಿಕೊಂಡಿದ್ದಾನೆ. ಅಂದರೆ ಎಂಜಿನ್ 1900ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಆಮೇಲಿನ ಶತಮಾನವೆಲ್ಲ ಡೀಸೆಲ್ಲಿಗೆ ಹೋಯಿತು, ಏಕೆಂದರೆ ಬಿತ್ತಿ, ಕಿತ್ತು, ಒಣಗಿಸಿ, ಗಾಣಕ್ಕೆ ಹಾಕಿ ತೆಗೆದ ಎಣ್ಣೆಗಿಂತ ನೆಲ ಕೊರೆದರೆ ತಾನಾಗಿ ಚಿಮ್ಮುವ ಎಣ್ಣೆ ಅಗ್ಗ.

ನಿಮ್ಮ ಮನೆಯಲ್ಲಿ ತೊಂಬತ್ತು ದಾಟಿದ ಹಿರಿಯರಿದ್ದರೆ ಇದ್ದಿಲಿನ ಬಸ್ಸಿನ ಬಗ್ಗೆ ಕೇಳಿ ನೋಡಿ. ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲಿಗೆ ರೇಷನ್. ಬಸ್ಸಿನ ಹಿಂಬದಿಗೆ ಆಳೆತ್ತರದ ಕಬ್ಬಿಣದ ಪೀಪಾಯಿ ಕಟ್ಟಿ ಅದರಲ್ಲಿ ಇದ್ದಿಲು ತುಂಬುತ್ತಿದ್ದರು. ಗಾಳಿಯನ್ನು ಬೇಕೆಂದೇ ಕಡಿಮೆ ಬಿಟ್ಟು ಇದ್ದಿಲನ್ನು ಅರೆಬರೆ ಉರಿಸಿದರೆ ಇಂಗಾಲದ ಮಾನಾಕ್ಸೈಡ್ ಬರುತ್ತದೆ. ಬಚ್ಚಲುಮನೆಯಲ್ಲಿ ಕೆಂಡ ಇಟ್ಟು ಬಾಗಿಲು ಹಾಕಿಕೊಂಡವರನ್ನು ಕೊಲ್ಲುತ್ತದಲ್ಲ, ಅದೇ ಅನಿಲ. ಅದನ್ನು ತಣಿಸಿ, ಬೂದಿ ಸೋಸಿ, ಗಾಳಿಯ ಜೊತೆ ಬೆರೆಸಿ ಎಂಜಿನ್ನಿಗೆ ಕೊಟ್ಟರೆ ಓಡುತ್ತದೆ. ಬಸ್ಸು ಹೊರಡುವುದಕ್ಕೆ ಎಷ್ಟೋ ಹೊತ್ತು ಮೊದಲೇ ಕ್ಲೀನರ್ ಬಂದು ಬೆಂಕಿ ಹಚ್ಚಿ, ಹಿಡಿಕೆ ತಿರುಗಿಸಿ ಗಾಳಿ ಊದಬೇಕಿತ್ತು. ಪೆಟ್ರೋಲಿನಲ್ಲಿ ಸಿಗುತ್ತಿದ್ದ ಬಲದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಖೋತಾ. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳುವುದು ಟಿಕೆಟ್ಟಿನಲ್ಲೇ ಸೇರಿದ್ದ ಸೇವೆ.

ನಮ್ಮ ಹಿರಿಯರು ಇದನ್ನು ಬಡವರ ಪಾಡು ಎಂದುಕೊಂಡಿದ್ದರು. ಹಾಗೇನಿಲ್ಲ. ಯುದ್ಧಕಾಲದ ಜರ್ಮನಿಯಲ್ಲಿ ಸುಮಾರು 5 ಲಕ್ಷ ವಾಹನಗಳು ಸೌದೆ ಅನಿಲದಲ್ಲಿ ಓಡುತ್ತಿದ್ದವು, ಯುದ್ಧದಲ್ಲಿ ತಟಸ್ಥವಾಗಿದ್ದ ಸ್ವೀಡನ್ನಿನಲ್ಲಿ 70 ಸಾವಿರಕ್ಕೂ ಹೆಚ್ಚು. ಯುದ್ಧ ಮುಗಿದು ಪೆಟ್ರೋಲ್ ಮರಳಿತು, ಕೆಲವೇ ವರ್ಷಗಳಲ್ಲಿ ಪೀಪಾಯಿಗಳು ಗುಜರಿಗೆ ಹೋದವು. ಎಂಜಿನ್ ಕೆಟ್ಟದ್ದರಿಂದಲ್ಲ. ದಿನವೂ ಮುಂಜಾನೆ ಎದ್ದು ಬೆಂಕಿ ಊದುವವರು ಸಿಗಲಿಲ್ಲ. ಆ ವಿದ್ಯೆ ಮಾತ್ರ ಉಳಿದುಕೊಂಡಿತು. 1988ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಸೌದೆ ಅನಿಲದಿಂದ ಎಂಜಿನ್ ಓಡಿಸಿ ಊರಿಗೆ ದೀಪವನ್ನೂ ಕುಡಿಯುವ ನೀರನ್ನೂ ಕೊಟ್ಟರು. ನಿಂತಲ್ಲೇ ಓಡುವ ಎಂಜಿನ್ನಿಗೆ ಪೀಪಾಯಿಯ ಭಾರ ಭಾರವೇ ಅಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಹೊಂಗೆಗೂ ಇದೇ ಬೇಕಾಗುತ್ತದೆ.

ಹೊಂಗೆಯ ಬಗ್ಗೆ ಹಾಸನದಲ್ಲಿ ನಿಂತು ಮಾತನಾಡಲು ಸ್ವಲ್ಪ ಅಳುಕಾಗುತ್ತದೆ. ಇಲ್ಲೇ ಪಕ್ಕದ ಮಡೆನೂರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವಿದೆ, ನನಗಿಂತ ಹೆಚ್ಚು ಬಲ್ಲವರು ಈ ಸಭೆಯಲ್ಲೇ ಕುಳಿತಿರಬಹುದು. ಆದರೂ ಹೇಳುತ್ತೇನೆ.

ಹೊಂಗೆ ನಮಗೆ ಹೊಸದಲ್ಲ. ಯುಗಾದಿಯ ಹೊತ್ತಿಗೆ ಹೂವಿನಿಂದ ತುಂಬಿ ಜೇನನ್ನು ಕರೆಯುವ ಮರ. ಸೀಮೆಎಣ್ಣೆ ಬರುವುದಕ್ಕೆ ಮುಂಚೆ ದೀಪಕ್ಕೆ ಅದರ ಎಣ್ಣೆ, ಕಜ್ಜಿಗೆ ಅದರ ಎಣ್ಣೆ, ಹೊಲಕ್ಕೆ ಅದರ ಹಿಂಡಿ, ಗದ್ದೆಗೆ ಅದರ ಸೊಪ್ಪು. ದನ ತಿನ್ನುವುದಿಲ್ಲ, ಬೇಲಿ ಬೇಡ. ಗಾಳಿಯ ಸಾರಜನಕವನ್ನು ತಾನೇ ಬೇರಿಗೆ ಇಳಿಸಿಕೊಳ್ಳುವ ಜಾತಿ. ಬೀಜದ ತೂಕದಲ್ಲಿ ಶೇ 30ರ ಆಸುಪಾಸು ಎಣ್ಣೆ. ಊರಿನ ಗಾಣ ಅಷ್ಟನ್ನೂ ಬಿಟ್ಟುಕೊಡುವುದಿಲ್ಲವಾದ್ದರಿಂದ ಒಂದು ಲೀಟರ್ ಎಣ್ಣೆಗೆ ನಾಲ್ಕು ಕಿಲೋ ಬೀಜ ಬೇಕೆಂದು ಇಟ್ಟುಕೊಳ್ಳಿ.

ಈ ಎಣ್ಣೆಯನ್ನು ನೇರವಾಗಿ ಡೀಸೆಲ್ ಎಂಜಿನ್ನಿಗೆ ಹಾಕಬಹುದೇ? ಹಾಕಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು 1990ರ ದಶಕದ ಕೊನೆಯ ಹೊತ್ತಿಗೆ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ಓಡಿಸಿ, ಕೊಳವೆಬಾವಿಯಿಂದ ನೀರೆತ್ತಿ, ಹೊಲಕ್ಕೆ ಹರಿಸಿ ತೋರಿಸಿದರು. ತೊಂದರೆ ಒಂದೇ. ಹೊಂಗೆ ಎಣ್ಣೆ ಡೀಸೆಲ್ಲಿಗಿಂತ ಹತ್ತು ಪಟ್ಟು ಮಂದ. ಇಂಜೆಕ್ಟರಿನ ಕೂದಲೆಳೆಯಂತಹ ತೂತಿನಿಂದ ಅದು ಮಂಜಾಗಿ ಸಿಡಿಯಬೇಕು, ದಪ್ಪ ಹನಿಯಾಗಿ ಬಿದ್ದರೆ ಪೂರ್ತಿ ಉರಿಯದೆ ಕಿಟ್ಟ ಕಟ್ಟುತ್ತದೆ. ನಿಧಾನಕ್ಕೆ, ಒಂದೇ ವೇಗದಲ್ಲಿ ತಿರುಗುವ ಪಂಪಿನ ಎಂಜಿನ್ ಇದನ್ನು ಸಹಿಸಿಕೊಳ್ಳುತ್ತದೆ. ಈಗಿನ ಕಾರಿನ ಅಧಿಕ ಒತ್ತಡದ ಇಂಜೆಕ್ಟರ್ ಸಹಿಸುವುದಿಲ್ಲ.

ಕಾರಿಗೆ, ಬಸ್ಸಿಗೆ ಬೇಕಾದರೆ ಎಣ್ಣೆಯನ್ನು ತೆಳ್ಳಗೆ ಮಾಡಬೇಕು. ಮೆಥನಾಲ್ ಸೇರಿಸಿ, ಸ್ವಲ್ಪ ಕಾಸ್ಟಿಕ್ ಸೋಡಾ ಹಾಕಿ, 60 ಡಿಗ್ರಿಯಷ್ಟು ಬಿಸಿಯಲ್ಲಿ ಕಲಕಿದರೆ ಎಣ್ಣೆಯ ಅಣು ಮುರಿದು ಮೇಲೆ ಜೈವಿಕ ಡೀಸೆಲ್, ಕೆಳಗೆ ಗ್ಲಿಸರಿನ್ ಬೇರೆಯಾಗುತ್ತವೆ. ಪಿಯುಸಿ ಪ್ರಯೋಗಾಲಯದಲ್ಲಿ ಮಾಡಬಹುದಾದ ಕೆಲಸ, ವಿದ್ಯಾರ್ಥಿಗಳು ಮಾಡಿ ಬಾಟಲಿಯಲ್ಲಿ ತುಂಬಿ ಬಹುಮಾನವನ್ನೂ ಪಡೆಯುತ್ತಾರೆ. ಆದರೆ ಬಾಟಲಿಯಲ್ಲಿ ಕಾಣದ ಒಂದು ವಿಷಯವಿದೆ. ಬೀಜವನ್ನು ಸರಿಯಾಗಿ ಒಣಗಿಸದೆ ಗೋಣಿಯಲ್ಲಿ ಕಟ್ಟಿಟ್ಟಿದ್ದರೆ, ಮಳೆಗಾಲದ ತೇವ ತಗುಲಿದ್ದರೆ, ಎಣ್ಣೆಯಲ್ಲಿ ಆಮ್ಲದ ಅಂಶ ಏರುತ್ತದೆ. ಅಂತಹ ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿದರೆ ಸಿಗುವುದು ಡೀಸೆಲ್ ಅಲ್ಲ, ಸಾಬೂನು. ಹೀಗಾಗಿ ಕಾರ್ಖಾನೆಯ ಗುಣಮಟ್ಟ ನಿರ್ಧಾರವಾಗುವುದು ಕಾರ್ಖಾನೆಯಲ್ಲಿ ಅಲ್ಲ, ಕಾಯಿ ಆರಿಸಿದ ಅಜ್ಜಿಯ ಅಂಗಳದಲ್ಲಿ.

ಆ ಅಜ್ಜಿಯ ಲೆಕ್ಕವನ್ನು ಯಾವ ವರದಿಯೂ ಸರಿಯಾಗಿ ಬರೆಯಲಿಲ್ಲ ಎಂಬುದು ನನ್ನ ದೂರು. ಬೇಸಿಗೆಯ ಬಿಸಿಲಿನಲ್ಲಿ ಕಾಯಿ ಆಯಬೇಕು, ಒಣಗಿಸಬೇಕು, ಬಡಿದು ಬೀಜ ಬಿಡಿಸಬೇಕು. ಬೀಜಕ್ಕೆ ಕಿಲೋಗೆ 30 ರೂಪಾಯಿ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಲೀಟರ್ ಎಣ್ಣೆಗೆ ಬೀಜದ ಖರ್ಚೇ 120 ರೂಪಾಯಿ. ಹಿಂಡಿ ಮಾರಿ ಸ್ವಲ್ಪ ವಾಪಸು ಬರುತ್ತದೆ, ಆದರೆ ಗಾಣದ ಕೂಲಿ, ಮೆಥನಾಲ್, ಸಾಗಣೆ ಬಾಕಿ ಇದೆ. 2025ರಲ್ಲಿ ಬಂಕಿನ ಡೀಸೆಲ್ ತೊಂಬತ್ತರ ಆಸುಪಾಸಿನಲ್ಲಿತ್ತು, ಅದೂ ತೆರಿಗೆ ಸೇರಿ. ಬೀಜದ ಬೆಲೆಯನ್ನು ಇಳಿಸಿದರೆ ಅಜ್ಜಿ ಆಯುವುದಿಲ್ಲ. ಇಳಿಸದಿದ್ದರೆ ಬಸ್ಸು ಕೊಳ್ಳುವುದಿಲ್ಲ. ಈ ನಡುವೆ ಸಾಬೂನು ಮಾಡುವವರು, ಕೀಟನಾಶಕ ಮಾಡುವವರು ಬಂದು ಹೆಚ್ಚಿನ ಬೆಲೆ ಕೊಟ್ಟು ಬೀಜ ಒಯ್ಯುತ್ತಾರೆ.

ಕರ್ನಾಟಕ ಈ ದಿಕ್ಕಿನಲ್ಲಿ ಸುಮ್ಮನೆ ಕುಳಿತಿರಲಿಲ್ಲ. 2009ರಲ್ಲಿ ರಾಜ್ಯದ ಜೈವಿಕ ಇಂಧನ ನೀತಿ ಬಂತು, ಅದರ ಹಿಂದೆಯೇ ಮಂಡಳಿ ಬಂತು, 'ಬರಡು ಬಂಗಾರ', 'ಹಸಿರು ಹೊನ್ನು' ಎಂಬ ಚಂದದ ಹೆಸರಿನ ಯೋಜನೆಗಳಲ್ಲಿ ಸಸಿ ಹಂಚಿದರು, ಸಾರಿಗೆ ನಿಗಮದ ಬಸ್ಸುಗಳಲ್ಲಿ ಜೈವಿಕ ಡೀಸೆಲ್ ಬೆರೆಸಿ ಓಡಿಸಿ ನೋಡಿದರು. ಮಡೆನೂರಿನವರು ತೋಟ ಮಾಡಬೇಡಿ, ಬದುವಿನಲ್ಲಿ ನೆಡಿ ಎಂದು ಹೇಳಿದರು. ಇದು ತುಂಬಾ ವಿವೇಕದ ಮಾತಾಗಿತ್ತು. ಬದುವಿನ ಹೊಂಗೆ ಊಟದ ಬೆಳೆಯ ಜಾಗ ಕಸಿಯುವುದಿಲ್ಲ.

ದೆಹಲಿಯವರ ವಿವೇಕ ಅಷ್ಟಿರಲಿಲ್ಲ. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಜತ್ರೋಪವನ್ನು, ನಮ್ಮಲ್ಲಿ ಕಾಡು ಹರಳು ಎನ್ನುತ್ತಾರಲ್ಲ ಅದನ್ನು, ಪಾಳು ಭೂಮಿಯಲ್ಲೆಲ್ಲ ಬೆಳೆದು 2011–12ರ ವೇಳೆಗೆ ಡೀಸೆಲ್ಲಿಗೆ ಶೇ 20ರಷ್ಟು ಬೆರೆಸುವ ಕನಸು ಕಂಡಿತು. ನೀರಿಲ್ಲದೆ ಬದುಕುವ ಗಿಡ ನೀರಿಲ್ಲದೆ ಕಾಯಿಯನ್ನೂ ಬಿಡುತ್ತದೆ ಎಂದು ಅವರು ಭಾವಿಸಿದ್ದರು. ಬದುಕುವುದು ಬೇರೆ, ಫಲ ಕೊಡುವುದು ಬೇರೆ, ಇದನ್ನು ಯಾವ ಒಣಭೂಮಿ ರೈತನನ್ನು ಕೇಳಿದ್ದರೂ ಹೇಳುತ್ತಿದ್ದ. ಇನ್ನು ಪಾಳು ಭೂಮಿ ಎಂದು ನಕ್ಷೆಯಲ್ಲಿ ಬರೆದದ್ದು ಕುರಿಗಾಹಿಯ ಪಾಲಿಗೆ ಗೋಮಾಳ. ಬಹಳ ಕಡೆ ಗಿಡ ಒಣಗಿತು ಅಥವಾ ಕಿತ್ತು ಹಾಕಿದರು. 2018ರ ರಾಷ್ಟ್ರೀಯ ನೀತಿ ಡೀಸೆಲ್ಲಿನ ಗುರಿಯನ್ನು 2030ಕ್ಕೆ ಶೇ 5ಕ್ಕೆ ಇಳಿಸಿತು. ಅದರ ಹತ್ತಿರಕ್ಕೂ ನಾವು ಹೋಗಿಲ್ಲ, ಇನ್ನೂ ಶೇ 1ರ ಒಳಗೇ ಇದ್ದೇವೆ. ದೇಶ ಒಂದು ವರ್ಷಕ್ಕೆ ಸುಡುವ ಡೀಸೆಲ್ ಸುಮಾರು 9 ಕೋಟಿ ಟನ್. ಅದರ ಶೇ 5 ಎಂದರೆ 45 ಲಕ್ಷ ಟನ್ ಎಣ್ಣೆ, ಅದನ್ನು ಅಂಗಳದಲ್ಲಿ ಒಣಗಿಸಿ ಕೊಡಬೇಕು.

ನನ್ನನ್ನು ಕೇಳಿದರೆ ಹೊಂಗೆಯನ್ನು ಹೆದ್ದಾರಿಗೆ ಕರೆತರಲು ಹೋದದ್ದೇ ಹದ ತಪ್ಪಿದ ಕೆಲಸ. ಅದು ಊರಿನ ಪಂಪಿಗೆ, ಹಿಟ್ಟಿನ ಗಿರಣಿಗೆ, ಟಿಲ್ಲರಿಗೆ ತಕ್ಕ ಇಂಧನ. ಬೀಜ ಬಿದ್ದಲ್ಲೇ ಗಾಣ, ಗಾಣದ ಪಕ್ಕದಲ್ಲೇ ಎಂಜಿನ್, ಹಿಂಡಿ ಅದೇ ಹೊಲಕ್ಕೆ. ಎಣ್ಣೆಯನ್ನು ಲಾರಿಗೆ ತುಂಬಿ ನೂರು ಕಿಲೋಮೀಟರ್ ಸಾಗಿಸಿದ ಕೂಡಲೇ ಲೆಕ್ಕ ಕುಸಿಯುತ್ತದೆ.

ಈಗ ಹೊಂಗೆಗೆ ಸಿಗದ ಅದೃಷ್ಟ ಕಬ್ಬಿಗೆ ಹೇಗೆ ಸಿಕ್ಕಿತು ನೋಡೋಣ. ಕಬ್ಬಿನ ಹಿಂದೆ ಕಾರ್ಖಾನೆ ಮೊದಲೇ ಇತ್ತು, ಅದೇ ದೊಡ್ಡ ಕಾರಣ.

ಇದರ ದೊಡ್ಡ ಪಾಠಶಾಲೆ ಬ್ರೆಜಿಲ್. 1973ರಲ್ಲಿ ತೈಲದ ಬೆಲೆ ಏರಿದಾಗ ಆ ದೇಶದ ಖಜಾನೆ ಬರಿದಾಯಿತು. 1974ರ ಕೊನೆಯ ಹೊತ್ತಿಗೆ ಸಕ್ಕರೆಯ ಬೆಲೆಯೂ ಕುಸಿಯತೊಡಗಿತು. 1975ರಲ್ಲಿ ಅಲ್ಲಿನ ಸೇನಾ ಸರ್ಕಾರ ಕಬ್ಬಿನಿಂದ ಎಥನಾಲ್ ಎಂಬ ಮದ್ಯಸಾರ ಇಳಿಸಿ ಗಾಡಿಗೆ ಹಾಕುವ 'ಪ್ರೊ-ಆಲ್ಕೊಹಾಲ್' ಯೋಜನೆ ತಂದಿತು. 1979ರಲ್ಲಿ ಪೂರ್ತಿ ಎಥನಾಲಿನಲ್ಲೇ ಓಡುವ ಫಿಯಟ್ 147 ಕಾರು ಮಾರಾಟಕ್ಕೆ ಬಂತು. ಹೊಗೆಯಿಂದ ಅವರ ಕಬ್ಬಿನ ಸಾರಾಯಿ ಕಶಾಸದ ವಾಸನೆ ಬರುತ್ತಿದ್ದರಿಂದ ಜನ ಅದಕ್ಕೆ ಮುದ್ದಿನಿಂದ ಅದೇ ಹೆಸರಿಟ್ಟರು. ಚಳಿಯ ಬೆಳಗ್ಗೆ ಎಥನಾಲ್ ಬೇಗ ಆವಿಯಾಗುವುದಿಲ್ಲ, ಎಂಜಿನ್ ಹೊತ್ತಿಕೊಳ್ಳಲು ಸತಾಯಿಸುತ್ತದೆ. ಅದಕ್ಕೆ ಬಾನೆಟ್ಟಿನೊಳಗೆ ಒಂದು ಪುಟ್ಟ ಪೆಟ್ರೋಲ್ ಡಬ್ಬಿ ಇಟ್ಟರು. ಇಷ್ಟೇ, ಎಂಜಿನ್ನಿನ ಸಮಸ್ಯೆ ಮುಗಿಯಿತು. 1980ರ ದಶಕದ ಮಧ್ಯದಲ್ಲಿ ಅಲ್ಲಿ ಮಾರಾಟವಾಗುತ್ತಿದ್ದ ಹೊಸ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಎಥನಾಲ್ ಕಾರುಗಳು.

ಆಮೇಲೆ ಬಂದದ್ದು 1989. ಅಷ್ಟರಲ್ಲಿ ಕಚ್ಚಾ ತೈಲ ಅಗ್ಗವಾಗಿತ್ತು, ಸಕ್ಕರೆ ದುಬಾರಿಯಾಗಿತ್ತು. ಕಾರ್ಖಾನೆಯವರು ಕಬ್ಬನ್ನು ಸಕ್ಕರೆಗೆ ತಿರುಗಿಸಿದರು. ಬಂಕಿನಲ್ಲಿ ಎಥನಾಲ್ ಇಲ್ಲ, ಮನೆ ಮುಂದೆ ಎಥನಾಲನ್ನಷ್ಟೇ ಕುಡಿಯುವ ಕಾರು. ಜನರು ಸಾಲು ನಿಂತರು, ಬೈದರು, ಮರುವರ್ಷದಿಂದ ಅಂತಹ ಕಾರು ಕೊಳ್ಳುವುದನ್ನೇ ಬಿಟ್ಟರು. ಕಳೆದುಹೋದ ನಂಬಿಕೆ ಮರಳಲು 2003ರವರೆಗೆ ಕಾಯಬೇಕಾಯಿತು. ಆ ವರ್ಷ ಫೋಕ್ಸ್‌ವ್ಯಾಗನ್ 'ಗೋಲ್' ಕಾರಿನ ಫ್ಲೆಕ್ಸ್ ಮಾದರಿ ಬಂತು. ಪೆಟ್ರೋಲ್ ಹಾಕಿ, ಎಥನಾಲ್ ಹಾಕಿ, ಎರಡನ್ನೂ ಬೆರೆಸಿ ಹಾಕಿ, ಎಂಜಿನ್ನಿನ ಕಂಪ್ಯೂಟರ್ ತಾನೇ ಸರಿಹೊಂದಿಸಿಕೊಳ್ಳುತ್ತದೆ. ಲೀಟರಿಗೆ ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ ಶಕ್ತಿ. ಆದ್ದರಿಂದ ಬ್ರೆಜಿಲ್ಲಿನ ಚಾಲಕ ಬಂಕಿನಲ್ಲಿ ನಿಂತು ಮನಸ್ಸಿನಲ್ಲೇ ಗುಣಾಕಾರ ಮಾಡುತ್ತಾನೆ. ಎಥನಾಲಿನ ಬೆಲೆ ಪೆಟ್ರೋಲಿನ ಶೇ 70ಕ್ಕಿಂತ ಕಡಿಮೆಯಿದ್ದರೆ ಎಥನಾಲ್, ಇಲ್ಲವಾದರೆ ಪೆಟ್ರೋಲ್. ಆಯ್ಕೆ ಚಾಲಕನ ಕೈಗೆ ಬಂದ ಮೇಲೆ ಯೋಜನೆ ತನ್ನ ಕಾಲ ಮೇಲೆ ನಿಂತಿತು. ನನಗೆ ಬ್ರೆಜಿಲ್ಲಿನ ಕತೆಯಲ್ಲಿ ಅತಿ ಮುಖ್ಯವಾಗಿ ಕಾಣುವುದು ಇದು, ಏಕೆಂದರೆ ನಾವು ಬಿಟ್ಟದ್ದೂ ಇದನ್ನೇ.

ನಮ್ಮ ಕತೆಯೂ ಹಳೆಯದೇ. ಪವರ್ ಆಲ್ಕೊಹಾಲ್ ಎಂಬ ಹೆಸರಿನಲ್ಲಿ ಪೆಟ್ರೋಲಿಗೆ ಮದ್ಯಸಾರ ಬೆರೆಸುವುದಕ್ಕೆಂದು ಕೇಂದ್ರ ಸರ್ಕಾರ 1948ರಲ್ಲೇ ಒಂದು ಕಾಯ್ದೆ ಮಾಡಿತ್ತು. 2000ದಲ್ಲಿ ಅದನ್ನು ರದ್ದು ಮಾಡಿ, 2003ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಒಂಬತ್ತು ರಾಜ್ಯಗಳಲ್ಲಿ ಶೇ 5ರಷ್ಟು ಬೆರೆಸಬೇಕೆಂದು ಹೊಸದಾಗಿ ಆರಂಭಿಸಿದರು. ಮರುವರ್ಷವೇ ಬರದಿಂದ ಕಬ್ಬು ಕಡಿಮೆಯಾಯಿತು, ಯೋಜನೆ ಮಂಕಾಯಿತು. 2013–14ರಲ್ಲಿ ಕೂಡ ಮಿಶ್ರಣ ಶೇ 1.5ರ ಆಸುಪಾಸಿನಲ್ಲಿತ್ತು. 2022ರಲ್ಲಿ ಅದು ಶೇ 10 ಆಯಿತು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಇಂಧನ ಸಮಾವೇಶದಲ್ಲಿ ಪ್ರಧಾನಿ ಇ20, ಅಂದರೆ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು, ಬಿಡುಗಡೆ ಮಾಡಿದರು, 2025ರಲ್ಲಿ ದೇಶ ಶೇ 20ನ್ನು ಮುಟ್ಟಿತು.

ಈ ಜಿಗಿತ ಎಂಜಿನ್ನಿನಿಂದ ಆದದ್ದಲ್ಲ, ಬೆಲೆಪಟ್ಟಿಯಿಂದ ಆದದ್ದು. ಮೊದಲು ಸಕ್ಕರೆ ತೆಗೆದಾದ ಮೇಲೆ ಉಳಿಯುವ ಕೊನೆಯ ಕಾಕಂಬಿಯಿಂದ ಮಾತ್ರ ಎಥನಾಲ್ ಕೊಳ್ಳುತ್ತಿದ್ದರು. 2018ರಿಂದ ಇನ್ನೂ ಸಕ್ಕರೆ ಉಳಿದಿರುವ 'ಬಿ ಹೆವಿ' ಕಾಕಂಬಿಗೂ, ನೇರ ಕಬ್ಬಿನ ಹಾಲಿಗೂ ಬೇರೆ ಬೇರೆ, ಹೆಚ್ಚಿನ ಬೆಲೆ ಗೊತ್ತು ಮಾಡಿದರು. ಜಿಎಸ್‌ಟಿಯನ್ನು ಶೇ 18ರಿಂದ 5ಕ್ಕೆ ಇಳಿಸಿದರು. ಡಿಸ್ಟಿಲರಿ ಕಟ್ಟುವವರ ಸಾಲದ ಬಡ್ಡಿಯಲ್ಲಿ ಪಾಲು ಹೊತ್ತರು. ಕೊಳ್ಳುವವರು ಖಚಿತ, ಬೆಲೆ ಖಚಿತ. ಬೆಳಗಾವಿ, ಬಾಗಲಕೋಟೆಯ ಕಡೆ ಡಿಸ್ಟಿಲರಿಗಳು ಎದ್ದು ನಿಂತವು. ಹೊಂಗೆಗೆ ಇದರಲ್ಲಿ ಯಾವುದು ಸಿಕ್ಕಿತ್ತು ಹೇಳಿ.

ಹಾಗೆಂದು ಇದನ್ನು ಗೆಲುವಿನ ಕತೆ ಎಂದು ಒಪ್ಪಿಕೊಳ್ಳಲು ನನ್ನ ಮನಸ್ಸು ಸಿದ್ಧವಿಲ್ಲ. ನೀತಿ ಆಯೋಗವೇ 2021ರ ತನ್ನ ವರದಿಯಲ್ಲಿ ಕೊಟ್ಟ ಲೆಕ್ಕ ಕೇಳಿ. ಒಂದು ಟನ್ ಕಬ್ಬಿನಿಂದ 100 ಕಿಲೋ ಸಕ್ಕರೆ, ಕಾಕಂಬಿಯ ದಾರಿಯಲ್ಲಿ ಅಲ್ಲದೆ ಪೂರ್ತಿ ಎಥನಾಲ್ ಮಾಡಿದರೆ 70 ಲೀಟರ್. ಸಕ್ಕರೆಯ ಮೂಲಕ ನೋಡಿದರೆ ಒಂದು ಲೀಟರ್ ಎಥನಾಲಿನ ಬೆನ್ನಿಗೆ ಸುಮಾರು 2860 ಲೀಟರ್ ನೀರು. ಬ್ರೆಜಿಲ್ಲಿನ ಸಾವೊ ಪೌಲೊ ಕಡೆಯ ಕಬ್ಬು ಬಹುಪಾಲು ಮಳೆಯಲ್ಲೇ ಬೆಳೆಯುತ್ತದೆ. ನಮ್ಮದು ಕಾಲುವೆ ಮತ್ತು ಕೊಳವೆಬಾವಿಯ ಕಬ್ಬು. ಕಾವೇರಿ ನೀರಿಗೆ ಎರಡು ರಾಜ್ಯ ಹೊಡೆದಾಡುವ ಮಂಡ್ಯದಲ್ಲಿ ಟ್ಯಾಂಕಿಗೆ ಸುರಿಯುವ ಎಥನಾಲಿಗೂ ಈ ನೀರಿನ ಬಿಲ್ಲು ಅಂಟಿಕೊಂಡಿದೆ. ಡಿಸ್ಟಿಲರಿಯಿಂದ ಒಂದು ಲೀಟರ್ ಎಥನಾಲಿಗೆ ಎಂಟರಿಂದ ಹದಿನೈದು ಲೀಟರ್ ಕಡುಕಂದು ಬಣ್ಣದ ತ್ಯಾಜ್ಯ ನೀರು ಹೊರಬರುತ್ತದೆ. ಕಟ್ಟುನಿಟ್ಟಾಗಿ ಸಂಸ್ಕರಿಸದಿದ್ದರೆ ಸುತ್ತಲಿನ ಬಾವಿಗಳ ಕತೆ ಅಷ್ಟೇ.

2023ರ ಮಳೆ ಕೈಕೊಟ್ಟಿತು. ಡಿಸೆಂಬರಿನಲ್ಲಿ ಕೇಂದ್ರವು ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದನ್ನು ತಡೆಯಿತು, ಸಕ್ಕರೆ ಬೆಲೆ ಏರಬಾರದೆಂದು. ಸಾಲ ಮಾಡಿ ಡಿಸ್ಟಿಲರಿ ಕಟ್ಟಿದವರು ಕಂಗಾಲಾದರು. ಬ್ರೆಜಿಲ್ಲಿನ 1989 ನಮ್ಮಲ್ಲಿ ಸಣ್ಣದಾಗಿ ಬಂದು ಹೋಯಿತು ಎನ್ನಬಹುದು. ಆ ಜಾಗವನ್ನು ತುಂಬಿದ್ದು ಮೆಕ್ಕೆಜೋಳ. ಒಂದು ಟನ್ ಮೆಕ್ಕೆಜೋಳಕ್ಕೆ 380 ಲೀಟರಿನಷ್ಟು ಎಥನಾಲ್ ಇಳಿಯುತ್ತದೆ, ಕಬ್ಬಿನಷ್ಟು ನೀರೂ ಬೇಡ. ದಾವಣಗೆರೆ, ಹಾವೇರಿ ಕಡೆಯ ರೈತನಿಗೆ ಕೊಳ್ಳುವವನೊಬ್ಬ ಹೆಚ್ಚಿದ. ಆದರೆ ಅದೇ ಜೋಳ ಕೋಳಿಯ ಆಹಾರವೂ ಹೌದು. ಮೆಕ್ಕೆಜೋಳವನ್ನು ಹೊರಗೆ ಮಾರುತ್ತಿದ್ದ ದೇಶ ಅದನ್ನೇ ಹೊರಗಿನಿಂದ ತರಿಸಿಕೊಳ್ಳುವಂತಾಯಿತು, ಕೋಳಿ ಸಾಕಣೆಯವರು ಗೊಣಗಿದರು. ಕಚ್ಚಾ ತೈಲದ ಆಮದು ಉಳಿಸಲು ಕೋಳಿಯ ಮೇವನ್ನು ಆಮದು ಮಾಡುವುದು ಎಂತಹ ಲಾಭವೋ, ಅರ್ಥಶಾಸ್ತ್ರದ ಮೇಷ್ಟ್ರುಗಳು ಹೇಳಲಿ.

ಇನ್ನು ವಾಹನದ ಕತೆ. 2019ರಲ್ಲಿ ಟಿವಿಎಸ್ ಕಂಪನಿ ಪೂರ್ತಿ ಎಥನಾಲಿನಲ್ಲಿ ಓಡುವ ಅಪಾಚೆ ಬೈಕ್ ಬಿಡುಗಡೆ ಮಾಡಿತು. ಒಳ್ಳೆಯ ಬೈಕ್. ಅದಕ್ಕೆ ಎಥನಾಲ್ ಹಾಕಿಸಲು ಆಗ ಬಂಕ್ ಇರಲಿಲ್ಲ. ಕರ್ನಾಟಕ ಸೇರಿ ಐದು ಕಡೆ 183 ಬಂಕುಗಳಲ್ಲಿ 'ಎಥನಾಲ್ 100' ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2024ರ ಮಾರ್ಚಿನಲ್ಲಿ. ನನ್ನ ವಾದಕ್ಕೆ ಇದಕ್ಕಿಂತ ಚೊಕ್ಕ ಸಾಕ್ಷಿ ಬೇಕಿಲ್ಲ. ಅತ್ತ ಇ20 ವಿಷಯದಲ್ಲಿ ತಲೆಕೆಳಗು. ಎಲ್ಲ ಬಂಕುಗಳಲ್ಲೂ ಅದೇ ಬಂತು, ಹಳೆಯ ವಾಹನಗಳ ಮಾಲೀಕರಿಗೆ ಬೇರೆ ಆಯ್ಕೆ ಉಳಿಯಲಿಲ್ಲ. ಇ20ಕ್ಕೆಂದು ಹೊಂದಿಸದ ಕಾರುಗಳಲ್ಲಿ ಮೈಲೇಜು ಶೇ 6–7ರಷ್ಟು, ದ್ವಿಚಕ್ರ ವಾಹನಗಳಲ್ಲಿ ಶೇ 3–4ರಷ್ಟು ಇಳಿಯಬಹುದೆಂದು ನೀತಿ ಆಯೋಗದ ಅದೇ ವರದಿ ಹೇಳಿತ್ತು. ಹಾಗಾದರೆ ಇ20 ಬೆಲೆಯೂ ಅಷ್ಟು ಕಡಿಮೆ ಇರಬೇಕಿತ್ತಲ್ಲವೇ? ಇರಲಿಲ್ಲ. 2025ರಲ್ಲಿ ಜನರು ಸಿಟ್ಟಾದದ್ದು ಎಥನಾಲಿನ ಮೇಲೆ ಎಂದು ಪತ್ರಿಕೆಗಳು ಬರೆದವು. ಸಿಟ್ಟು ಇದ್ದದ್ದು ಕೇಳದೆ ಕೊಟ್ಟಿದ್ದರ ಮೇಲೆ ಮತ್ತು ಕಡಿಮೆ ಶಕ್ತಿಯ ಇಂಧನಕ್ಕೆ ಪೂರ್ತಿ ಬೆಲೆ ಪಡೆದದ್ದರ ಮೇಲೆ. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿ ಸೆಪ್ಟೆಂಬರ್ 1ರಂದು ವಜಾ ಆಯಿತು, ಸಿಟ್ಟು ವಜಾ ಆಗಲಿಲ್ಲ.

ಬಲವಂತ ಯಾವಾಗಲೂ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ದೆಹಲಿಯ ಬಸ್ಸುಗಳೆಲ್ಲ 2001ರ ಮಾರ್ಚ್ 31ರೊಳಗೆ ಸಿಎನ್‌ಜಿಗೆ ಬರಬೇಕೆಂದು ಸುಪ್ರೀಂ ಕೋರ್ಟ್ 1998ರ ಜುಲೈನಲ್ಲಿ ಆದೇಶಿಸಿತು. ಗಡುವು ಬಂದಾಗ ಬಸ್ಸೂ ಸಾಲದು, ಅನಿಲವೂ ಸಾಲದು, ಆಟೊಗಳು ರಾತ್ರಿಯಿಡೀ ಸಾಲಿನಲ್ಲಿ. ಆದರೂ ಕೋರ್ಟ್ ಹಿಂಜರಿಯಲಿಲ್ಲ, 2002ರ ಕೊನೆಗೆ ನಗರದ ಡೀಸೆಲ್ ಬಸ್ಸುಗಳು ಹೋದವು. ಅಲ್ಲಿ ಬಲವಂತ ನಡೆಯಿತು, ಏಕೆಂದರೆ ಕೊಳವೆಮಾರ್ಗ ದೆಹಲಿಯವರೆಗೆ ಆಗಲೇ ಬಂದಿತ್ತು, ಅನಿಲ ಅಗ್ಗವಾಗಿತ್ತು. ಮಹಾರಾಷ್ಟ್ರದ ದಾಬೋಲ್‌ನಿಂದ ಬೆಂಗಳೂರಿಗೆ ಅನಿಲದ ಕೊಳವೆ ಬಂದದ್ದು 2013ರಲ್ಲಿ. ಅಲ್ಲಿಯವರೆಗೆ ನಮ್ಮ ಆಟೊಗಳು ಎಲ್‌ಪಿಜಿಯಲ್ಲೇ ಓಡಿದವು.

ವಿದ್ಯುತ್ ವಾಹನದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀವೇ ಓಡಿಸುತ್ತಿದ್ದೀರಿ. ಬೆಂಗಳೂರಿನ ರೇವಾ ಕಾರು 2001ರಲ್ಲೇ ಬಂದಿತ್ತು, ಸೀಸದ ಬ್ಯಾಟರಿ, ಚಾರ್ಜಿಗೆ 80 ಕಿಲೋಮೀಟರ್. ನಮ್ಮವರು ಆಟಿಕೆ ಎಂದು ನಕ್ಕರು, ಲಂಡನ್ನಿನವರು ಕೊಂಡರು. ಇವತ್ತು ಸ್ಕೂಟರುಗಳು ಗೆದ್ದದ್ದಕ್ಕೆ ಲಿಥಿಯಂ ಒಂದು ಕಾರಣ, ಅದರ ಬಂಕ್ ಪ್ರತಿ ಮನೆಯ ಗೋಡೆಯಲ್ಲಿ ಮೊದಲೇ ಇದ್ದದ್ದು ಇನ್ನೊಂದು. ಮೂರನೇ ಮಹಡಿಯ ಬಾಡಿಗೆ ಮನೆಯವನಿಗೆ ಆ ಗೋಡೆ ದೂರ ಎಂಬುದೂ ನಿಜ.

ಜಲಜನಕದ ಬಗ್ಗೆ ಒಂದು ಲೆಕ್ಕ ಕೊಟ್ಟು ನಿಲ್ಲಿಸುತ್ತೇನೆ. ನೀರನ್ನು ಒಡೆದು ಒಂದು ಕಿಲೋ ಜಲಜನಕ ತೆಗೆಯಲು 50ರಿಂದ 55 ಯೂನಿಟ್ ವಿದ್ಯುತ್ ಬೇಕು. ಆ ಒಂದು ಕಿಲೋದಲ್ಲಿರುವುದು 33 ಯೂನಿಟ್. ಅದನ್ನು 700 ಪಟ್ಟು ವಾಯುಭಾರದ ಒತ್ತಡದಲ್ಲಿ ತುಂಬಿ, ಕಾರಿನ ಫ್ಯೂಯೆಲ್ ಸೆಲ್ಲಿನಲ್ಲಿ ಮತ್ತೆ ವಿದ್ಯುತ್ ಮಾಡುವಾಗ ಅರ್ಧದಷ್ಟು ಹೋಗುತ್ತದೆ. ನೂರು ಯೂನಿಟ್ ಹೊರಟರೆ ಚಕ್ರಕ್ಕೆ ಮುಟ್ಟುವುದು ಮೂವತ್ತರ ಆಸುಪಾಸು. ಅದೇ ನೂರನ್ನು ಬ್ಯಾಟರಿಗೆ ತುಂಬಿದರೆ ಎಪ್ಪತ್ತಕ್ಕೂ ಹೆಚ್ಚು. ಗೊಬ್ಬರದ ಕಾರ್ಖಾನೆ, ಉಕ್ಕಿನ ಕಾರ್ಖಾನೆಗಳಿಗೆ ಜಲಜನಕ ಬೇಕೇ ಬೇಕು, ಅವು ಮೊದಲು ಪಡೆಯಲಿ. ಕಾರಿಗೆ ಅದನ್ನು ಹಾಕುವ ಆತುರ ನನಗಿಲ್ಲ.

ಪ್ರಶ್ನೋತ್ತರದಲ್ಲಿ ಅರಕಲಗೂಡು ಕಡೆಯ ರೈತರೊಬ್ಬರು ಕೇಳಿದರು: "ಸ್ವಾಮಿ, ಎರಡು ಎಕರೆ ಸುಮ್ಮನೆ ಬಿದ್ದಿದೆ. ಹೊಂಗೆ ಹಾಕಲೋ ಬೇಡವೋ?"

ಎರಡು ಎಕರೆಗೂ ಹಾಕಬೇಡಿ ಎಂದೆ. ಬದುವಿನಲ್ಲಿ ಹಾಕಿ, ಪೂರ್ವ ಪಶ್ಚಿಮದ ಬದುವಾದರೆ ಬೆಳೆಯ ಮೇಲೆ ನೆರಳು ಕಡಿಮೆ. ಕಾಯಿ ಕೈಗೆ ಸಿಗಲು ಐದಾರು ವರ್ಷ ಕಾಯಬೇಕು, ಕಸಿ ಗಿಡವಾದರೆ ಸ್ವಲ್ಪ ಬೇಗ. ಹಣ ಬರುವುದು ಎಣ್ಣೆಯಿಂದ ಎಂದುಕೊಳ್ಳಬೇಡಿ, ಹಿಂಡಿ ಮತ್ತು ಸೊಪ್ಪನ್ನು ನಿಮ್ಮ ತೋಟಕ್ಕೇ ಹಾಕಿಕೊಂಡರೆ ಉಳಿಯುವ ಗೊಬ್ಬರದ ಖರ್ಚನ್ನು ಲೆಕ್ಕಕ್ಕೆ ಹಿಡಿಯಿರಿ. ಗಾಣ ಎಷ್ಟು ದೂರವಿದೆ ಎಂದು ನೆಡುವ ಮುಂಚೆ ವಿಚಾರಿಸಿ.

ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ ಇನ್ನೂ ನೇರವಾಗಿತ್ತು: "ಸರ್, ಅಪ್ಪನ ಸ್ಕೂಟರ್ 2009ರದ್ದು. ಇ20 ಹಾಕಿದರೆ ಹಾಳಾಗುತ್ತದೆಯೇ?"

ನಾಳೆಯೇ ಹಾಳಾಗುವುದಿಲ್ಲ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಗಟ್ಟಿಯಾಗಿಸಿ ಬಿರುಕು ಬಿಡಿಸುತ್ತದೆ. ಇಂಧನದ ಪೈಪು, ಕಾರ್ಬ್ಯುರೇಟರಿನ ವಾಷರುಗಳನ್ನು ಮೆಕ್ಯಾನಿಕ್ ಬಳಿ ಒಮ್ಮೆ ತೋರಿಸಿ, ಎಥನಾಲ್ ತಾಳುವಂತಹವನ್ನು ಹಾಕಿಸಿಕೊಳ್ಳಿ, ದೊಡ್ಡ ಖರ್ಚಲ್ಲ. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ನೀರು ಹೆಚ್ಚಾದರೆ ಅದು ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿದು ತುಕ್ಕು ಹಿಡಿಸುತ್ತದೆ. ದಿನವೂ ಓಡಿಸುವ ಗಾಡಿಗೆ ಈ ಭಯವಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವುದಾದರೆ ಪೆಟ್ರೋಲಿನ ನಲ್ಲಿಯನ್ನು ಬಂದ್ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬ್ಯುರೇಟರ್ ಖಾಲಿ ಮಾಡಿಡಲು ಅಪ್ಪನಿಗೆ ಹೇಳಿ.